ರನ್‌ವೇ ಮೇಲೆ ಒಡೆದ ಕುಂಬಳಕಾಯಿ

ಕತಾರಿನ ದುಖಾನ್‌ನಲ್ಲಿ ಆಯುಧಪೂಜೆ ಯಾವ ವರ್ಷವೂ ಶುಕ್ರವಾರವೇ ಬರುತ್ತದೆ. ಪಂಚಾಂಗ ಮಂಗಳವಾರ ಎಂದು ಹೇಳಿರಬಹುದು. ಆದರೆ ಎಣ್ಣೆ ಕಂಪನಿಯ ರಜೆ ಶುಕ್ರವಾರ, ಹಾಗಾಗಿ ದೇವಿಯೇ ಹೊಂದಿಕೊಂಡಿದ್ದಾಳೆ. ಮೊದಲು ಎಲ್ಲರೂ ಕಂಪನಿಯ ಕಾಲೊನಿಯಲ್ಲಿ, ಮನೆ ಮುಂದೆಯೇ ಕಾರಿಗೆ ಪೂಜೆ ಮಾಡುತ್ತಿದ್ದರಂತೆ. ಒಂದು ವರ್ಷ ಯಾರೋ ಒಡೆದ ತೆಂಗಿನಕಾಯಿಯ ಹೋಳು ಹಾರಿ, ಪಕ್ಕದ ಮನೆಯ ಇಂಗ್ಲಿಷ್ ಎಂಜಿನಿಯರ್ ಅಂಗಳದಲ್ಲಿ ಸುಡುತ್ತಿದ್ದ ಕೋಳಿಯ ಪಕ್ಕದಲ್ಲಿ ಹೋಗಿ ಕೂತಿತು. ಅವನು ಅದನ್ನೂ ಸುಟ್ಟು ತಿಂದ ಎಂದು ನಾನು ಹೇಳುತ್ತೇನೆ, ದೂರು ಕೊಟ್ಟ ಎಂದು ಅಪ್ಪ ಹೇಳುತ್ತಾರೆ. ಏನೇ ಇರಲಿ, ಅಂದಿನಿಂದ ನಮ್ಮಲ್ಲಿನ ಕನ್ನಡದ ಮನೆಗಳೆಲ್ಲ ಕಾರು ತೊಳೆದು, ಹೂವಿನ ಸರ ಇಳಿಬಿಟ್ಟು, ಮದುವೆ ದಿಬ್ಬಣದ ಹಾಗೆ ಸಾಲಾಗಿ ಊರ ಹೊರಗಿನ ಹಳೇ ರನ್‌ವೇಗೆ ಹೋಗುವುದು ರೂಢಿಯಾಯಿತು.

ರನ್‌ವೇ ಎಂದ ಕೂಡಲೇ ದೋಹಾದ ಏರ್‌ಪೋರ್ಟ್ ನೆನಪಿಸಿಕೊಳ್ಳಬೇಡಿ. ಕಲ್ಲು ಹೆಕ್ಕಿ ಸಮ ಮಾಡಿದ ಉದ್ದನೆಯ ಗರಸಿನ ಪಟ್ಟಿ, ಎರಡು ಬದಿಯಲ್ಲೂ ಸಾಲು ಕಲ್ಲುಗಳು, ಒಂದು ತುದಿಯಲ್ಲಿ ಬೋಳು ಕಂಬ, ಅದರ ಪಕ್ಕ ಮಾಡು ಕಳೆದುಕೊಂಡ ಸಿಮೆಂಟಿನ ಕೋಣೆ. ಅಷ್ಟೇ. ರಜೆಯಲ್ಲಿ ಅದು ನಮಗೆ ಕ್ರಿಕೆಟ್ ಮೈದಾನ, ಸಂಜೆ ಹೊತ್ತು ಹೆಂಗಸರಿಗೆ ಡ್ರೈವಿಂಗ್ ಶಾಲೆ. ನನ್ನ ಅಮ್ಮ ಕ್ಲಚ್ ಬಿಡಲು ಕಲಿತದ್ದು ಅಲ್ಲೇ. ಅವಳು ಬ್ರೇಕ್ ಒತ್ತಿದರೆ ಹಿಂದಿನ ಸೀಟಿನಲ್ಲಿದ್ದ ನಾನು ಟಿಕೆಟಿಲ್ಲದೆ ಮುಂದಿನ ಸೀಟಿಗೆ ಪ್ರಯಾಣ ಮಾಡುತ್ತಿದ್ದೆ. ಆ ನೆಲದಿಂದ ಕೊನೆಯ ಸಲ ಗಾಳಿಗೆ ಹಾರಿದ್ದು ವಿಮಾನವಲ್ಲ, ನಾನು.

ಪೂಜೆ ಮುಗಿದ ಮೇಲೆ, ಕಡಲೆ ಉಸ್ಲಿ ಹಂಚುವ ಮೊದಲು, ಯಾರಾದರೊಬ್ಬರು ಕಾರಿನ ಪಕ್ಕ ನಿಂತು ‘ಎರಡು ಮಾತು’ ಆಡಬೇಕು. ನಾನು ಹದಿನೈದು ವರ್ಷದವನಿದ್ದಾಗ ಆ ಸರದಿ ನನಗೆ ಬಂತು. ನಾನು ಆರಿಸಿಕೊಂಡದ್ದು ಅದೇ ರನ್‌ವೇಯ ಕಥೆ. ಅಪ್ಪ ಕೆಲಸ ಮಾಡುವ ಕಂಪನಿಯ ಸ್ಟೋರ್‌ನಲ್ಲಿ ಎಲ್ಲರೂ ಹಾಜಿ ಎಂದು ಕರೆಯುವ ಒಬ್ಬ ಕತಾರಿ ಮುದುಕರಿದ್ದರು. ಶಾಲೆಯ ಪಾಠ ಮತ್ತು ಅರಬ್ ಹುಡುಗರ ಜೊತೆಯ ಫುಟ್‌ಬಾಲ್ ಎರಡೂ ಸೇರಿ ನನಗೆ ಅರೇಬಿಕ್ ಚೆನ್ನಾಗಿಯೇ ಬರುತ್ತಿತ್ತು. ಪಾಠದಿಂದ ವ್ಯಾಕರಣ ಬಂತು, ಫುಟ್‌ಬಾಲಿನಿಂದ ಬೈಗುಳ. ಚಹಾ ಕುಡಿಸಿದರೆ ಹಾಜಿ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಅವರು ನನಗಿಂತ ದೊಡ್ಡ ಬುರುಡೆದಾಸ. ಹೇಳಿದ್ದರಲ್ಲಿ ಅರ್ಧ ಕಳೆದು ಉಳಿದದ್ದನ್ನು ಇಟ್ಟುಕೊಂಡೆ.

ಉಳಿದದ್ದು ಇಷ್ಟು. ಈ ಕಡಲೆಲ್ಲ ಇಂಗ್ಲಿಷರ ಕಣ್ಗಾವಲಿನಲ್ಲಿದ್ದ ಕಾಲದಲ್ಲಿ ಒಂದಿಷ್ಟು ಸಿಪಾಯಿಗಳು ಬಂದು, ಉಪ್ಪು ನೆಲಕ್ಕೂ ಗುಡ್ಡಕ್ಕೂ ನಡುವೆ ಗೂಟ ಹೊಡೆದು, ಸುತ್ತಲಿನ ಜನರನ್ನು ಕೂಲಿಗೆ ಕರೆದು ಕಲ್ಲು ಹೆಕ್ಕಿಸಿದರು. ಕೆಲವು ಡೇರೆ, ಒಂದು ಬಾವುಟದ ಕಂಬ, ಒಂದು ರೇಡಿಯೋ. ಯುದ್ಧವೇನೂ ನಡೆಯಲಿಲ್ಲ. ಆಗೊಮ್ಮೆ ಈಗೊಮ್ಮೆ ಟಪಾಲು ಮತ್ತು ಈರುಳ್ಳಿ ಹೊತ್ತುಕೊಂಡು ಒಂದು ಪುಟ್ಟ ವಿಮಾನ ಬರುತ್ತಿತ್ತು. ಅದು ಬರುವ ಮೊದಲು ರನ್‌ವೇ ಮೇಲೆ ಮಲಗಿದ ಮೇಕೆಗಳನ್ನು ಓಡಿಸಬೇಕು. ಮಬ್ಬುಗತ್ತಲಾದರೆ ಬದಿಯಲ್ಲಿ ಸಾಲಾಗಿ ಸೀಮೆಎಣ್ಣೆ ಡಬ್ಬಿಗಳಿಗೆ ಬೆಂಕಿ ಕೊಡಬೇಕು. ಉಳಿದ ಹೊತ್ತೆಲ್ಲ ಸಿಪಾಯಿಗಳಿಗೆ ಒಂದೇ ಕೆಲಸ, ಮರಳಿನ ಬಿಲದಿಂದ ದಪ್ಪ ಮುಳ್ಳುಬಾಲದ ಉಡ ಹಿಡಿದು ಓಟದ ಪಂದ್ಯ ಕಟ್ಟುವುದು. ಒಮ್ಮೆ ವಿಮಾನದ ಚಕ್ರ ಪಂಕ್ಚರ್ ಆಗಿ, ಪೈಲಟ್ ಅದರೊಳಗೆ ಖರ್ಜೂರದ ನಾರು ತುಂಬಿ ಹಾರಿಸಿದನಂತೆ. ಆಮೇಲೆ ಇಂಗ್ಲಿಷರು ಹೋದರು, ಎಣ್ಣೆ ಕಂಪನಿಯವರು ಕೆಲ ಕಾಲ ವಿಮಾನ ಇಳಿಸಿದರು, ಆಮೇಲೆ ಈ ದೇಶದ ಸೈನ್ಯ ಬಂದು ಕವಾಯತು ಮಾಡಿ ಹೋಯಿತು. ಕೊನೆಗೆ ಬಂದವರು ನಾವು, ಬ್ಯಾಟು, ಬಾಲು, ಕುಂಬಳಕಾಯಿ ಸಮೇತ.

ಇದನ್ನೆಲ್ಲ ಕನ್ನಡದಲ್ಲಿ ಬರೆದು, ಹಿರಿಯರೊಬ್ಬರಿಗೆ ತೋರಿಸು ಎಂದು ಅಪ್ಪ ಹೇಳಿದ್ದಕ್ಕೆ, ಕಾಲೊನಿಯ ಅತಿ ಹಿರಿಯ ಕನ್ನಡಿಗರ ಬಳಿ ಹೋದೆ. ಅವರೇ ಈ ಕಥೆಯ ಅಂಕಲ್. ಮೈಸೂರಿನ ಕಡೆಯವರು, ಆಫೀಸಿನಲ್ಲಿ ಅಪ್ಪನ ಸಾಹೇಬರಿಗೇ ಸಾಹೇಬರು. ಹಬ್ಬದ ದಿನ ಜರಿ ಪಂಚೆ ಉಟ್ಟು ಅವರು ನಡೆದು ಬಂದರೆ ಮೊದಲು ಹೊಟ್ಟೆ ಬರುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ಅವರು ಬರುತ್ತಿದ್ದರು. ನನ್ನ ಹಾಳೆ ಓದಿ, “ಪರ್ವಾಗಿಲ್ಲ ಕಣೋ” ಎಂದು ಹಿಂದೆ ಕೊಟ್ಟರು.

ಆ ಶುಕ್ರವಾರ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತೆ. “ಹಿರಿಯರೇ, ನಾವು ನಿಂತಿರುವ ಈ ನೆಲದಲ್ಲಿ ಒಂದು ಕಾಲದಲ್ಲಿ ವಿಮಾನಗಳು ಇಳಿಯುತ್ತಿದ್ದವು” ಎಂದೆ.

ಅಂಕಲ್ ಕೈ ಎತ್ತಿದರು. “ಒಂದ್ನಿಮ್ಷ ಕಣಪ್ಪಾ. ‘ಇಳಿಯುತ್ತಿದ್ದವೂ’... ಸರಿ, ಚಂಡೆ ಎಲ್ಲಿ? ಕಿರೀಟ ಮನೇಲೇ ಬಿಟ್ಟು ಬಂದ್ಯಾ?”

ಎಲ್ಲರೂ ನಕ್ಕರು. ನಮ್ಮ ಕರಾವಳಿಯವರೂ ನಕ್ಕರು, ಅದೇ ಹೆಚ್ಚು ಉರಿಸಿತು.

“ಈ ಯಕ್ಷಗಾನದ ಕನ್ನಡ ಬಿಟ್ಟು ಮನುಷ್ಯರ ಕನ್ನಡದಲ್ಲಿ ಹೇಳು. ಯಾರು ಹೇಳ್ಕೊಟ್ಟಿದ್ದು ನಿಂಗೆ ಇದನ್ನ?”

“ಅಮ್ಮ” ಎಂದೆ.

“ಹಾಗನ್ನು ಮತ್ತೆ. ಪಾಪ, ಅವ್ರ ತಪ್ಪೇನಿಲ್ಲ ಬಿಡು. ಮನೇಲಿ ತುಳು ಮಾತಾಡೋರು, ಕನ್ನಡಾನ ಪುಸ್ತಕದಿಂದ ಹೆಕ್ಕಬೇಕು ತಾನೇ? ಕೂತ್ಕೋ ಕೂತ್ಕೋ, ಉಸ್ಲಿ ಆರೋಗುತ್ತೆ. ಇಲ್ಲಿನ ಹಿಸ್ಟರಿ ನಾನು ಹೇಳ್ತೀನಿ.”

ಹೇಳಿಯೇ ಬಿಟ್ಟರು. ನನ್ನ ಡಬ್ಬಿಗಳು, ನನ್ನ ಮೇಕೆಗಳು, ನನ್ನ ಖರ್ಜೂರದ ನಾರು, ಎಲ್ಲವೂ ಅವರ ಬಾಯಿಂದ ಬಂದವು. ಈರುಳ್ಳಿಯ ವಿಮಾನ ಬಾಂಬರ್ ಆಯಿತು, ಡೇರೆಗಳು ರೆಜಿಮೆಂಟ್ ಆದವು. ಜನ ಚಪ್ಪಾಳೆ ತಟ್ಟಿದರು. ಬಣ್ಣ ಕಟ್ಟಿದ್ದಕ್ಕೆ ನನ್ನ ಆಕ್ಷೇಪವಿಲ್ಲ, ಆ ಕಲೆಯಲ್ಲಿ ನಾನೇನು ಕಡಿಮೆ? ಆದರೆ ಪ್ರತಿ ರಜೆಯಲ್ಲೂ ನನ್ನನ್ನು ಹೊರಗೆ ಆಡಲು ಬಿಡದೆ ಕೂರಿಸಿ ಒತ್ತಕ್ಷರ ತಿದ್ದಿಸಿದ ಅಮ್ಮ ಅಲ್ಲಿ ಉಸ್ಲಿಯ ಪಾತ್ರೆಯನ್ನೇ ನೋಡುತ್ತ ನಿಂತಿದ್ದಳು. ಪಾತ್ರೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಈ ಮನುಷ್ಯ ಇದೇ ನೆಲದ ಮೇಲೆ, ಇದೇ ಜನರ ಎದುರು, ಇದೇ ಜರಿ ಪಂಚೆಯಲ್ಲಿ ಬಗ್ಗಬೇಕು. ಈ ಜಾಗದ ಕಥೆ ನನ್ನ ಕೈಗೆ ವಾಪಸು ಬರಬೇಕು. ಅಂದೇ ತೀರ್ಮಾನಿಸಿದೆ. ಮುಂದಿನ ಪರೀಕ್ಷೆಗೆ ಓದುವಾಗಲೂ, ಫುಟ್‌ಬಾಲ್ ಒದೆಯುವಾಗಲೂ ಅದೇ ಯೋಚನೆ. ಚೆಂಡಿಗೂ ಅಂಕಲ್ ಹೊಟ್ಟೆಗೂ ಹೋಲಿಕೆ ಇದ್ದದ್ದರಿಂದ ಆ ವರ್ಷ ನಾನು ತುಂಬಾ ಗೋಲು ಹೊಡೆದೆ.

ಮರುವರ್ಷ ನವರಾತ್ರಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಅಮ್ಮನ ಜೊತೆ ಡ್ರೈವಿಂಗಿಗೆ ಹೋದೆ. ರನ್‌ವೇ ಬದಿಯ ಕಲ್ಲುಗಳಿಗೆಲ್ಲ ಹೊಸದಾಗಿ ಸುಣ್ಣ ಬಳಿದಿತ್ತು. ಬೋಳು ಕಂಬಕ್ಕೆ, ಪೈಲಟ್‌ಗೆ ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಬಣ್ಣದ ಹೊಸ ಗಾಳಿಚೀಲ ಬಂದು, ಹೊಟ್ಟೆ ತುಂಬ ಗಾಳಿ ಕುಡಿದು ತೂಗಾಡುತ್ತಿತ್ತು. ಗರಸಿನ ಮೇಲೆ ಅಗಲ ಟೈರಿನ ಗುರುತುಗಳು.

“ಎಂತ ಇದು, ಯಾರು ಬಣ್ಣ ಹಾಕಿದ್ದು?” ಎಂದಳು ಅಮ್ಮ.

“ಯಾರೋ. ನೀನು ಎದುರು ನೋಡಿ ಬಿಡು ಅಮ್ಮ” ಎಂದೆ.

ಗಾಳಿಚೀಲವನ್ನು ಯಾರೂ ಅಂದಕ್ಕೆ ಕಟ್ಟುವುದಿಲ್ಲ. ಸೈನ್ಯ ವಾಪಸು ಬಂದಿದೆ. ನನ್ನ ಯೋಜನೆ ಆಗ ತುಂಬಾ ಸಣ್ಣದಿತ್ತು. ಈ ಸಲ ‘ಎರಡು ಮಾತಿ’ನ ಸರದಿ ಅಂಕಲ್‌ದೇ. ಅವರು ತಮ್ಮ ಭಾಷಣದಲ್ಲಿ ‘ಇದು ಸತ್ತ ಜಾಗ’ ಎಂದು ಹೇಳಬೇಕು, ನಾನು ಕೈ ಎತ್ತಿ ಅವರ ತಲೆಯ ಹಿಂದಿನ ಹೊಸ ಗಾಳಿಚೀಲವನ್ನು ತೋರಿಸಬೇಕು, ಜನ ನಗಬೇಕು. ಅದಕ್ಕೆ ಗಾಳ ಹಾಕಿದ್ದು ಅವರ ಮನೆಯಲ್ಲೇ. ಹಬ್ಬದ ತಯಾರಿಗೆ ಎಲ್ಲರೂ ಸೇರಿದ್ದಾಗ ವಿನಯದಿಂದ ಕೇಳಿದೆ, “ಅಂಕಲ್, ಆ ರನ್‌ವೇಗೆ ಮಿಲಿಟರಿಯವರು ಪುನಃ ಬರ್ಲಿಕ್ಕಿಲ್ವಾ?”

“ಲೋ, ನಿನ್ನ ವಯಸ್ಸಿಗಿಂತ ಜಾಸ್ತಿ ವರ್ಷ ಆಯ್ತು ಕಣೋ ನಾನಿಲ್ಲಿಗೆ ಬಂದು. ಆ ಜಾಗ ಸತ್ತು ಮಣ್ಣಾಗಿದೆ. ಅದೊಂದಿದೆ ಅನ್ನೋದೇ ಅವ್ರಿಗೆ ಮರ್ತೋಗಿದೆ. ಭಯ ಇದ್ರೆ ನೀನು ಮನೇಲಿರಪ್ಪ, ಅಮ್ಮನ ಹತ್ರ ಪದ್ಯ ಹೇಳಿಸ್ಕೊಂಡು.”

“ಇಲ್ಲ ಅಂಕಲ್, ನಿಮ್ಮ ಮಾತು ಕೇಳ್ಳಿಕ್ಕೆ ಖಂಡಿತ ಬರ್ತೇನೆ.”

ಅಪ್ಪ ನನ್ನನ್ನು ಅನುಮಾನದಿಂದ ನೋಡಿದರು. ನಾನು ವಿನಯವಾಗಿದ್ದಾಗಲೆಲ್ಲ ಅವರಿಗೆ ಅನುಮಾನ.

ಹಬ್ಬದ ಶುಕ್ರವಾರ ಬೆಳಿಗ್ಗೆ ಕಾರುಗಳು ರನ್‌ವೇ ನಡುಮಧ್ಯ ಸಾಲಾಗಿ ನಿಂತವು. ಸುಣ್ಣದ ಕಲ್ಲುಗಳನ್ನು ನೋಡಿ ಅಂಕಲ್ ಹಿಂಜರಿಯಲಿಲ್ಲ. “ನೋಡಿ, ನಾವು ಬರ್ತೀವಿ ಅಂತ ಮುನಿಸಿಪಾಲಿಟಿಯೋರು ಸಿಂಗಾರ ಮಾಡಿದಾರೆ” ಎಂದು ನಗಿಸಿದರು. ಅರಿಶಿನ ಕುಂಕುಮ ಹಚ್ಚಿದ್ದಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದಾಯಿತು, ತೆಂಗಿನಕಾಯಿಗಳು ಪಟಪಟ ಒಡೆದವು. ಕೊನೆಯಲ್ಲಿ ಬೂದುಗುಂಬಳ. ದೋಹಾದ ಮಲಯಾಳಿ ಅಂಗಡಿಯಲ್ಲಿದ್ದ ಅತಿ ದೊಡ್ಡ ಕಾಯಿಯನ್ನೇ ಅಂಕಲ್ ತರಿಸಿದ್ದರು. ಕೂರಿಸಿದ್ದರೆ ಅದಕ್ಕೂ ಸೀಟ್‌ಬೆಲ್ಟ್ ಹಾಕಬೇಕಾಗುತ್ತಿತ್ತು. ಅದರ ನೆತ್ತಿ ಕೊರೆದು, ಒಳಗೆ ಡಬ್ಬಿಗಟ್ಟಲೆ ಕುಂಕುಮ ಸುರಿದು, ಕಾರುಗಳಿಗೆಲ್ಲ ದೃಷ್ಟಿ ನಿವಾಳಿಸಿ, ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಿದರು. ಬಿಳಿ ತಿರುಳು, ಕೆಂಪು ನೀರು ರನ್‌ವೇ ಉದ್ದಕ್ಕೆ ಸಿಡಿಯಿತು.

ಆಮೇಲೆ ಭಾಷಣ. ಅಂಕಲ್ ಗಂಟಲು ಸರಿಮಾಡಿಕೊಂಡು, “ನಾವು ನಿಂತಿರೋ ಈ ಸತ್ತ ರನ್‌ವೇ...” ಎಂದರು. ನಾನು ಕೈ ಎತ್ತಲು ಹೊರಟೆ. ಅಷ್ಟರಲ್ಲಿ ನನ್ನ ಸಣ್ಣ ಯೋಜನೆಯನ್ನು ಮೇಲಿನವನು ದೊಡ್ಡದು ಮಾಡಿಬಿಟ್ಟ. ತುದಿಯಲ್ಲಿ ಧೂಳು ಎದ್ದಿತು. ಮರಳು ಬಣ್ಣದ ಪಿಕಪ್ ಒಂದು ನೇರ ನಮ್ಮ ಕಡೆಗೇ ಬಂತು.

ಇಬ್ಬರು ಸೈನಿಕರು ಮತ್ತು ಒಬ್ಬ ಅಧಿಕಾರಿ ಇಳಿದರು. ಅಧಿಕಾರಿಗೆ ಅಪ್ಪನ ವಯಸ್ಸು. ಅವನು ಮೊದಲು ನೋಡಿದ್ದು ನೆಲದ ಮೇಲಿನ ಕೆಂಪು. ಆಮೇಲೆ ಹೂವು ಮುಡಿದ ಕಾರುಗಳನ್ನು ನೋಡಿದ. ಆಮೇಲೆ ಕುಂಬಳ ಕೊರೆದ ಚಾಕುವನ್ನು ಮತ್ತೆ ಕೈಗೆತ್ತಿಕೊಂಡು ನಿಂತಿದ್ದ ಅಂಕಲ್‌ನ ಪಂಚೆಯ ಮೇಲಿನ ಕೆಂಪು ಕಲೆಗಳನ್ನು ನೋಡಿದ. ಅವನ ಮುಖ ಗಟ್ಟಿಯಾಯಿತು. ಅರೇಬಿಕ್‌ನಲ್ಲಿ ಏನಿದು ಎಂದು ಕೇಳಿದ.

ಅಷ್ಟು ವರ್ಷ ಇದ್ದರೂ ಅಂಕಲ್‌ಗೆ ಬರುತ್ತಿದ್ದ ಅರೇಬಿಕ್ ಬೆರಳೆಣಿಕೆಯಷ್ಟು. “ಮಾಫಿ ಮುಷ್ಕಿಲ್, ಮಾಫಿ ಮುಷ್ಕಿಲ್” ಎಂದರು, ಅಂದರೆ ಏನೂ ತೊಂದರೆಯಿಲ್ಲ. ರಕ್ತದ ಹಾಗೆ ಕಾಣುವುದರ ಮುಂದೆ ಚಾಕು ಹಿಡಿದು ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ. “ಖಲಾಸ್, ಯಲ್ಲಾ” ಎಂದು ಬೇರೆ ಸೇರಿಸಿದರು. ಮುಗಿಯಿತು, ನಡೆ. ಒಬ್ಬ ಸೈನಿಕ ಬಂದೂಕಿನ ಪಟ್ಟಿ ಸರಿಮಾಡಿಕೊಂಡ. ನಮ್ಮವರೆಲ್ಲ ನನ್ನ ಕಡೆ ತಿರುಗಿದರು. ಎಷ್ಟೊಂದು ಕಣ್ಣು! ಆಹಾ, ನನ್ನ ಜೀವನದ ಅತ್ಯುತ್ತಮ ಬೆಳಿಗ್ಗೆ ಅದು.

“ಹೋಗು ಮಾರಾಯ, ಎಂತಾದ್ರೂ ಹೇಳು” ಎಂದು ಅಪ್ಪ ನೂಕಿದರು.

ನಾನು ಸಲಾಂ ಹೇಳಿ ವಿವರಿಸಿದೆ. ಇದು ತರಕಾರಿ, ಸ್ವಾಮಿ. ಗಾಡಿಗಳಿಗೆ ಕೆಟ್ಟ ಕಣ್ಣು ತಾಗದಿರಲಿ ಎಂದು ಅದನ್ನು ಒಡೆಯುತ್ತೇವೆ. ಕೆಂಪು ಬರೀ ಪುಡಿ. ಸೈನಿಕನೊಬ್ಬ ಕೂತು ಬೆರಳಲ್ಲಿ ಮುಟ್ಟಿ ಮೂಸಿ ನೋಡಿ, ಹೌದೆಂದು ತಲೆಯಾಡಿಸಿದ. ಕೆಟ್ಟ ಕಣ್ಣು ಎಂದದ್ದೇ ಅಧಿಕಾರಿಯ ಮುಖ ಮೆತ್ತಗಾಯಿತು. “ನನ್ನ ತಾಯಿಯೂ ಹೊಸ ಕಾರಿಗೆ ಏನೇನೋ ಓದಿ ಊದುತ್ತಾಳೆ” ಎಂದ. ಆಮೇಲೆ ಹೇಳಿದ, “ಮಧ್ಯಾಹ್ನ ಹೆಲಿಕಾಪ್ಟರ್ ಇಳಿಯುತ್ತದೆ. ಈ ಚಿಪ್ಪುಗಳು ಗಾಳಿಗೆ ಎದ್ದರೆ ಅಪಾಯ. ಎಲ್ಲರೂ ಸೇರಿ ಹೆಕ್ಕಿಬಿಡಿ, ಆಮೇಲೆ ಕ್ಷೇಮವಾಗಿ ಹೋಗಿ.” ಇಷ್ಟು ಹೇಳಿ ಗಾಳಿಚೀಲ ನೋಡಲು ಕಂಬದ ಕಡೆ ನಡೆದ. ಅವನು ಒಳ್ಳೆಯ ಮನುಷ್ಯ. ಅವನ ಒಳ್ಳೆಯತನವನ್ನು ನಾನು ಏನು ಮಾಡಿಕೊಳ್ಳಲಿ?

“ಏನಂತೋ? ಏನಂದ?” ಅಂಕಲ್ ಬೆವರು ಒರೆಸಿಕೊಂಡರು.

ನಾನು ಮುಖ ಗಂಭೀರ ಮಾಡಿದೆ. “ಸ್ವಲ್ಪ ಸಿಟ್ಟಲ್ಲಿದ್ದಾರೆ ಅಂಕಲ್. ಇದು ಮಿಲಿಟರಿ ಜಾಗ ಅಂತೆ. ಇಲ್ಲಿ ಭಾಷಣ ಮಾಡಿದವರು ಯಾರೋ, ಅವರೇ ಈ ಗುಂಪಿನ ಕಮಾಂಡರ್ ಅಂತ ಲೆಕ್ಕವಂತೆ. ಅವರೊಬ್ಬರೇ ಎಲ್ಲ ಚಿಪ್ಪು ಹೆಕ್ಕಬೇಕಂತೆ. ಬೇರೆ ಯಾರೂ ಮುಟ್ಟುವ ಹಾಗಿಲ್ಲವಂತೆ.”

“ನಾನೊಬ್ನೇನಾ?”

“ಕಮಾಂಡರ್ ಒಬ್ಬರೇ ಅಲ್ವಾ ಅಂಕಲ್ ಇರುವುದು?”

“ಗುಡಿಸೋಕೆ ಏನಾದ್ರೂ...”

“ಪೊರಕೆ ಆಗುದಿಲ್ವಂತೆ, ಧೂಳೇಳ್ತದೆ. ಕೈಯಲ್ಲೇ. ಕೂತ್ಕೊಂಡು ಆಗ್ಲಿಕ್ಕಿಲ್ಲ, ಬಗ್ಗಿಯೇ ಹೆಕ್ಬೇಕಂತೆ.”

“ದಾದ ಪಂಡೆ ಆಯೆ, ಸರಿ ಪಣ್” ಎಂದು ಅಪ್ಪ ತುಳುವಿನಲ್ಲಿ ಪಿಸುಗುಟ್ಟಿದರು, ಅವನು ಹೇಳಿದ್ದೇನು ಸರಿಯಾಗಿ ಹೇಳು ಎಂದು. ನನಗೆ ಆ ಕ್ಷಣ ತುಳುವೂ ಮರೆತುಹೋಗಿತ್ತು.

ಅಂಕಲ್ ಜರಿ ಪಂಚೆ ಎತ್ತಿ ಕಟ್ಟಿದರು. ಬಗ್ಗಿದರು. ಹೊಟ್ಟೆ ಒಪ್ಪಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿದರು. ಒಂದು ಚಿಪ್ಪು, ಇನ್ನೊಂದು ಚಿಪ್ಪು, ಕುಂಬಳದ ಜಾರುವ ಹೋಳು, ಅದು ಕೈಯಿಂದ ಮೀನಿನ ಹಾಗೆ ಚಿಮ್ಮಿ ಓಡಿದರೆ ಅದರ ಹಿಂದೆ ಇವರು. ಬಾಂಬರ್, ರೆಜಿಮೆಂಟ್ ಎಲ್ಲ ಸೇರಿ ಮಾಡಲಾಗದ ಕವಾಯತು ಅದು. ಜನ ಕೈಕಟ್ಟಿ ನಿಂತು ನೋಡುತ್ತಿದ್ದರು. ಯಾರೂ ನಗಲಿಲ್ಲ, ಹಾಗಾಗಿ ಎಲ್ಲರ ಪಾಲಿನದನ್ನೂ ನಾನೇ ಒಳಗೊಳಗೆ ನಕ್ಕೆ. ಅಮ್ಮನ ಕಡೆ ನೋಡಿದೆ, ಅವಳು ನೋಡುತ್ತಾಳೋ ಎಂದು. ಅವಳು ನೋಡುತ್ತಿದ್ದದ್ದು ನನ್ನನ್ನು. ನನ್ನ ಅರೇಬಿಕ್ ಅವಳಿಗೆ ಗೊತ್ತಾಗದು, ನನ್ನ ಮುಖ ಗೊತ್ತಾಗುತ್ತದೆ.

ಅಷ್ಟರಲ್ಲಿ ಅಧಿಕಾರಿ ವಾಪಸು ಬಂದ. ತಲೆ ನರೆತ ಒಬ್ಬರೇ ಬಗ್ಗಿ ಹೆಕ್ಕುತ್ತಿದ್ದಾರೆ, ಗಟ್ಟಿಮುಟ್ಟಾದವರೆಲ್ಲ ಸುತ್ತ ನಿಂತಿದ್ದಾರೆ. ಅವನಿಗೆ ನಾಚಿಕೆಯೇ ಆಯಿತೋ ಏನೋ, ಓಡುತ್ತ ಹೋಗಿ ಅಂಕಲ್‌ನ ಕೈ ಹಿಡಿದು ಎಬ್ಬಿಸಿದ. ಹಿಡಿದು, ನನ್ನ ಎದೆ ಒಡೆಯುವಂಥ ಹಿಂದಿಯಲ್ಲಿ ಹೇಳಿದ, “ಚಾಚಾ, ತುಮ್ ಅಕೇಲಾ ಕ್ಯೂಂ? ಮೈ ಬೋಲಾ, ಸಬ್ ಲೋಗ್!”

ನೀನೊಬ್ಬನೇ ಯಾಕೆ, ಎಲ್ಲರೂ ಎಂದಿದ್ದೆನಲ್ಲ. ಅವನಿಗೆ ಹಿಂದಿ ಬರುತ್ತಿತ್ತು! ಮೊದಲೇ ಆಡಬಾರದಿತ್ತೇ? ನನ್ನ ಅರೇಬಿಕ್ ಕೇಳಿ ಖುಷಿಪಟ್ಟು ಸುಮ್ಮನಿದ್ದನಂತೆ, ಆಮೇಲೆ ಹೇಳಿದ.

ಅಂಕಲ್ ನಿಧಾನ ನೆಟ್ಟಗಾದರು. ಕೈಯಲ್ಲಿ ಚಿಪ್ಪು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಅಪ್ಪ ಆಗಲೇ ಕಣ್ಣು ಮುಚ್ಚಿದ್ದರು, ಬಹುಶಃ ತಮ್ಮ ಪ್ರಮೋಷನ್‌ಗೆ ವಿದಾಯ ಹೇಳುತ್ತಿದ್ದರು.

“ಬಹಳ ಚೆನ್ನಾಗಿ ಅನುವಾದ ಮಾಡ್ತೀಯ ಕಣಪ್ಪಾ” ಎಂದರು ಅಂಕಲ್.

“ಯಕ್ಷಗಾನದ ಕನ್ನಡ ಅಲ್ವಾ ಅಂಕಲ್? ಸ್ವಲ್ಪ ಪ್ರಸಂಗ ಬೆಳೆಸ್ಬೇಕಾಗ್ತದೆ.”

ಅವರು ಬಯ್ಯಲಿಲ್ಲ. ನನ್ನನ್ನು ನೋಡಿ, ನನ್ನ ಹಿಂದೆ ನಿಂತಿದ್ದ ಅಮ್ಮನನ್ನು ನೋಡಿ, ಚಿಪ್ಪನ್ನು ನನ್ನ ಕೈಗಿತ್ತು ಹೋದರು. ಆಮೇಲೆ ಎಲ್ಲರೂ ಬಗ್ಗಿದೆವು. ಸೈನಿಕರೂ ಸೇರಿಕೊಂಡರು.

ಹೆಕ್ಕುತ್ತಿದ್ದಾಗ ಅಧಿಕಾರಿ ನನ್ನ ಪಕ್ಕ ಬಂದು, ಆ ಚಾಚಾ ಭಾಷಣದಲ್ಲಿ ಏನು ಹೇಳುತ್ತಿದ್ದರು ಎಂದು ಕೇಳಿದ. ಈ ಜಾಗದ ಕಥೆ ಎಂದೆ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ, ಯಾರೂ ಚಂಡೆ ಕೇಳಲಿಲ್ಲ. ಉಡದ ಪಂದ್ಯಕ್ಕೆ ಅವನು ಬಿದ್ದು ಬಿದ್ದು ನಕ್ಕ. ಡಬ್ಬಿಯ ದೀಪ ಬಂದಾಗ ಮಾತ್ರ ತಡೆದ. “ಅದನ್ನು ಹಚ್ಚುತ್ತಿದ್ದವರು ಸಿಪಾಯಿಗಳಲ್ಲ. ಗಂಡಸರು ಸಮುದ್ರಕ್ಕೆ ಹೋಗಿರುತ್ತಿದ್ದರು, ಸಿಪಾಯಿಗಳಿಗೆ ಈ ಗಾಳಿಯಲ್ಲಿ ಬೆಂಕಿ ನಿಲ್ಲಿಸಲು ಬರುತ್ತಿರಲಿಲ್ಲ. ಇಲ್ಲಿನ ಹೆಂಗಸರು ಬಂದು ಹಚ್ಚುತ್ತಿದ್ದರು. ನನ್ನ ಅಜ್ಜಿ ಇದ್ದಳು ಅದರಲ್ಲಿ. ಗಾಳಿ ಜೋರಿದ್ದರೆ ತಮ್ಮ ಮೈಮೇಲಿನ ಕಪ್ಪು ಬಟ್ಟೆಯನ್ನೇ ಅಡ್ಡ ಹಿಡಿದು, ವಿಮಾನ ನಿಲ್ಲುವ ತನಕ ಕದಲದೆ ನಿಲ್ಲುತ್ತಿದ್ದರಂತೆ. ಆ ಬಿಳಿಯರು ಇಳಿದದ್ದು ಅವರ ದೀಪಕ್ಕೆ.” ಹಾಜಿಗೂ ಗೊತ್ತಿರದ ಮಾತು ಇದು. ಗೊತ್ತಿದ್ದರೂ ಗಂಡಸಲ್ಲವೇ, ಹೇಳಿರಲಿಕ್ಕಿಲ್ಲ.

ಹೊರಡುವಾಗ ಅವನು ಇನ್ನೊಂದು ಮಾತು ಹೇಳಿದ. ಮುಂದಿನ ವಾರ ಸುತ್ತ ತಂತಿಬೇಲಿ ಬರುತ್ತದೆ, ಇನ್ನು ಈ ಕಡೆ ಬರಬೇಡಿ, ಎಲ್ಲರಿಗೂ ತಿಳಿಸು.

ನಾನು ಜನರ ಕಡೆ ತಿರುಗಿ, “ಬೇಲಿ ಹಾಕ್ತಾರಂತೆ. ಇನ್ನು ಯಾರೂ ಬರ್ಬಾರದಂತೆ” ಎಂದೆ.

“ಹಾಂ, ಹಾಂ. ಇನ್ನೊಂದು ಬಿಟ್ಟ ನೋಡಿ” ಎಂದು ಯಾರೋ ನಕ್ಕರು. “ಬೇಲಿಯ ಗುಂಡಿ ತೋಡುದು ಯಾರಂತೆ ಮಾರಾಯಾ, ಅದೂ ಅಂಕಲ್ಲೇವಾ?” ಎಂದು ಇನ್ನೊಬ್ಬರು. ಅಪ್ಪನೂ ನಂಬಲಿಲ್ಲ.

“ಈ ಸಲ ನಿಜ ಹೇಳ್ತಿದಾನೆ” ಎಂದವರು ಅಂಕಲ್. ಸೊಂಟ ಹಿಡಿದುಕೊಂಡು ಕಾರಿಗೆ ಒರಗಿದ್ದರು. “ಸುಳ್ಳಾಗಿದ್ರೆ ಇಷ್ಟು ಬೇಗ ಮುಗಿಸ್ತಿರ್ಲಿಲ್ಲ.”

ಬೇಲಿ ಬಂತು. ಕ್ರಿಕೆಟ್ ಹೋಯಿತು, ಅಮ್ಮ ದೋಹಾ ರಸ್ತೆಯಲ್ಲೇ ಕಲಿಯಬೇಕಾಯಿತು, ಲಾರಿಯವರ ಪುಣ್ಯ. ಅಪ್ಪನ ಪ್ರಮೋಷನ್‌ಗೆ ಏನೂ ಆಗಲಿಲ್ಲ. ಅಂಕಲ್ ಅಷ್ಟು ಕೆಟ್ಟವರಲ್ಲ, ಅದು ನನಗೆ ಕೊಂಚ ನಿರಾಶೆಯ ವಿಷಯ.

ಅವರು ಈ ವರ್ಷ ನಿವೃತ್ತರಾಗಿ ಹೊರಟರು. ಹೋಗುವ ಮುಂಚೆ ದೋಹಾದಲ್ಲಿ ಕನ್ನಡದವರ ಬೀಳ್ಕೊಡುಗೆ ಇತ್ತು. ಅವರು ನಮ್ಮ ದುಖಾನ್ ಬಗ್ಗೆ ಮಾತಾಡಬೇಕಿತ್ತು. ಅದಕ್ಕೆ ಎರಡು ದಿನ ಮೊದಲು ಒಬ್ಬರೇ ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಕಾಫಿ ಹಿಡಿದುಕೊಂಡು, “ಅವತ್ತು ಆ ಆಫೀಸರ್ ನಿಂಗೆ ರನ್‌ವೇದು ಏನೋ ಹೇಳ್ತಿದ್ನಲ್ಲಪ್ಪ, ಏನದು? ನಂಗೆ ಅದು ತಲೇಲೇ ಕೊರೀತಾ ಇದೆ ಕಣೋ” ಎಂದರು. ಜೋಕಿಲ್ಲ, ಸಾಹೇಬಗಿರಿಯಿಲ್ಲ. ಕೇಳಿದರು, ಕಾದರು.

ಹೇಳಬಹುದಿತ್ತು. ಅಮ್ಮನೂ ಬಾಗಿಲಲ್ಲಿ ನಿಂತು, ಹೇಳು ಎನ್ನುವ ಹಾಗೆ ಹುಬ್ಬು ಎತ್ತಿದಳು.

“ನೆನಪಿಲ್ಲ ಅಂಕಲ್” ಎಂದೆ.

ನೆನಪಿದೆ ಎಂದು ಅವರಿಗೆ ಗೊತ್ತಿತ್ತು. ಕಾಫಿ ಮುಗಿಸಿ ಎದ್ದರು, ಅಮ್ಮನಿಗೆ ಕೈಮುಗಿದು ಹೋದರು. ಬೀಳ್ಕೊಡುಗೆಯ ದಿನ ಎಣ್ಣೆ ಬಾವಿಗಳ ಬಗ್ಗೆ ಮಾತಾಡಿದರು, ರನ್‌ವೇಯ ಹೆಸರೇ ಎತ್ತಲಿಲ್ಲ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ದೀಪ ಹಚ್ಚಿದ ಆ ಹೆಂಗಸರ ಸುದ್ದಿಯನ್ನು ಆ ಹಬ್ಬದ ಶುಕ್ರವಾರವೇ ಮನೆಗೆ ಬಂದು ಮೊದಲು ಹೇಳಿದ್ದು ಅಮ್ಮನಿಗೆ, ಅವಳೇ ಕಲಿಸಿದ ಕನ್ನಡದಲ್ಲಿ, ಒಂದು ಒತ್ತಕ್ಷರವನ್ನೂ ಬಿಡದೆ. ಈಗ ನಿಮಗೆ ಹೇಳಿದ್ದೇನೆ. ಮೈಸೂರಿನ ಕಡೆ ಎಲ್ಲಾದರೂ ಅವರು ನಿಮಗೆ ಸಿಕ್ಕರೆ ದಯವಿಟ್ಟು ಹೇಳಬೇಡಿ.